ಸಿಸ್ಟಮ್ ರಿಸ್ಟೋರ್ ಕೈಕೊಟ್ಟಾಗ ಏನು ಮಾಡಬೇಕು?

ಹೊಸ ಡ್ರೈವರ್ ಹಾಕಿದ ಮೇಲೆ ಪರದೆ ಮಿಣುಕತೊಡಗಿದೆ, ಅಥವಾ ಅಪ್‌ಡೇಟ್ ಆದ ಮರುದಿನದಿಂದ ಧ್ವನಿಯೇ ಬರುತ್ತಿಲ್ಲ. ವಿಂಡೋಸನ್ನು ಹಿಂದಿನ ದಿನದ ಸ್ಥಿತಿಗೆ ಮರಳಿಸುವ, ವಿಂಡೋಸ್‌ನೊಳಗೇ ಇರುವ ಸಿಸ್ಟಮ್ ರಿಸ್ಟೋರ್ ನೆನಪಾಗುವುದು ಇಂಥ ಹೊತ್ತಿನಲ್ಲೇ. ಎಲ್ಲ ಸರಿಯಿದ್ದ ದಿನಾಂಕವನ್ನು ಆರಿಸುತ್ತೀರಿ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ, ಬಹಳ ಹೊತ್ತು ಕಾಯಿಸುತ್ತದೆ. ಕೊನೆಗೆ ರಿಸ್ಟೋರ್ ಯಶಸ್ವಿಯಾಗಲಿಲ್ಲ ಎಂದು ಹೇಳಿ ಸುಮ್ಮನಾಗುತ್ತದೆ.

ಆ ಸಂದೇಶದ ಎರಡನೇ ಸಾಲನ್ನು ಓದಿ. ಸಿಸ್ಟಮ್ ಫೈಲುಗಳಾಗಲಿ ಸೆಟ್ಟಿಂಗುಗಳಾಗಲಿ ಬದಲಾಗಿಲ್ಲ ಎಂದು ಅಲ್ಲಿ ಬರೆದಿರುತ್ತದೆ. ಅಂದರೆ ಕಂಪ್ಯೂಟರ್ ಮೊದಲಿದ್ದಲ್ಲೇ ಇದೆ, ಇನ್ನಷ್ಟು ಕೆಟ್ಟಿಲ್ಲ. ಗಾಬರಿಯಲ್ಲಿ ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಲು ಹೊರಡಬೇಡಿ. ಬಹಳಷ್ಟು ಸಲ ರಿಸ್ಟೋರ್ ಪಾಯಿಂಟ್, ಅಂದರೆ ಆ ದಿನಾಂಕದ ಸ್ಥಿತಿಯನ್ನು ಉಳಿಸಿಟ್ಟ ಪ್ರತಿ, ಚೆನ್ನಾಗಿಯೇ ಇರುತ್ತದೆ. ಓಡುತ್ತಿರುವ ವಿಂಡೋಸ್‌ನೊಳಗೆ ಕುಳಿತು ಅದೇ ವಿಂಡೋಸ್‌ನ ಫೈಲುಗಳನ್ನು ಬದಲಿಸಲು ಹೊರಟದ್ದರಿಂದ ಕೆಲಸ ಕೆಟ್ಟಿರುತ್ತದೆ. ಅದೇ ಕೆಲಸವನ್ನು ಹೊರಗಿನಿಂದ ಮಾಡಿದರೆ ಎಷ್ಟೋ ಸಲ ಒಂದೇ ಯತ್ನಕ್ಕೆ ಮುಗಿಯುತ್ತದೆ. ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ.

ಮುಂದೆ ಕೆಲವು ಆಜ್ಞೆಗಳು ಬರುತ್ತವೆ. ಅವನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಿ.

ಇದು ಏನನ್ನು ಹಿಂದಕ್ಕೆ ತರುತ್ತದೆ, ಏನನ್ನು ತರುವುದಿಲ್ಲ

ಸಿಸ್ಟಮ್ ರಿಸ್ಟೋರ್ ಮೊದಲು ಬಂದದ್ದು 2000ರಲ್ಲಿ, ವಿಂಡೋಸ್ ಎಂಇ ಜೊತೆಗೆ. ವಿಂಡೋಸ್ ವಿಸ್ಟಾದಿಂದ ಈಚೆಗೆ ಅದು ಡ್ರೈವ್‌ನ ಆ ಕ್ಷಣದ ಪ್ರತಿಯನ್ನು ತೆಗೆದಿಡುವ ವಾಲ್ಯೂಮ್ ಷಾಡೋ ಕಾಪಿ ಎಂಬ ಸೇವೆಯನ್ನು ನೆಚ್ಚಿಕೊಂಡಿದೆ. ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ಕಡತ), ಸಿಸ್ಟಮ್ ಫೈಲುಗಳು, ಡ್ರೈವರ್‌ಗಳು, ಇನ್‌ಸ್ಟಾಲ್ ಮಾಡಿದ ಪ್ರೋಗ್ರಾಮ್‌ಗಳು ಹಳೆಯ ಸ್ಥಿತಿಗೆ ಮರಳುತ್ತವೆ. ನಿಮ್ಮ ಫೋಟೋ, ಪತ್ರ, ಲೆಕ್ಕದ ಹಾಳೆಗಳನ್ನು ಅದು ಮುಟ್ಟುವುದಿಲ್ಲ. ಹಾಗಾಗಿ ಅಳಿಸಿಹೋದ ಫೋಟೋ ವಾಪಸ್ ಬರಲೆಂದು ರಿಸ್ಟೋರ್ ಮಾಡಿದರೆ ಫಲವಿಲ್ಲ. ಆದರೆ ಆ ದಿನಾಂಕದ ನಂತರ ಹಾಕಿಕೊಂಡ ಪ್ರೋಗ್ರಾಮ್‌ಗಳು ಹೋಗುತ್ತವೆ. ಪಾಯಿಂಟನ್ನು ಆರಿಸುವ ಪರದೆಯಲ್ಲಿ ಯಾವ ಪ್ರೋಗ್ರಾಮ್‌ಗಳಿಗೆ ಪರಿಣಾಮವಾಗುತ್ತದೆ ಎಂದು ಪರೀಕ್ಷಿಸುವ ಗುಂಡಿಯೊಂದಿದೆ. ಅದನ್ನು ಒತ್ತಿ ಪಟ್ಟಿ ನೋಡಿಯೇ ಮುಂದುವರಿಯಿರಿ.

ಇರುವ ಪಾಯಿಂಟುಗಳನ್ನು ಮೊದಲು ಉಳಿಸಿಕೊಳ್ಳಿ

ದುರಸ್ತಿಗೆ ಕೈಹಾಕುವ ಮುನ್ನವೇ ಇದನ್ನು ಓದಿ. ರಿಸ್ಟೋರ್ ಪಾಯಿಂಟುಗಳನ್ನು ಮಾಡಿಡುವ ಸಿಸ್ಟಮ್ ಪ್ರೊಟೆಕ್ಷನ್ ಎಂಬ ಸೌಲಭ್ಯವನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿ ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ಪ್ರೊಟೆಕ್ಷನ್ ಆಫ್ ಮಾಡಿದ ಕ್ಷಣ ಆ ಡ್ರೈವ್‌ನ ಎಲ್ಲ ರಿಸ್ಟೋರ್ ಪಾಯಿಂಟುಗಳೂ ಅಳಿಸಿಹೋಗುತ್ತವೆ. ಮುಂದಕ್ಕೆ ಹೊಸ ಪಾಯಿಂಟುಗಳು ಸರಿಯಾಗಿ ಆಗಲೆಂದು ಮಾಡುವ ಕೆಲಸ ಅದು. ಹಳೆಯ ಪಾಯಿಂಟ್ ಬೇಕಾಗಿ ಒದ್ದಾಡುತ್ತಿರುವಾಗ ಅದನ್ನು ಮಾಡಲೇಬಾರದು. ಪ್ರೊಟೆಕ್ಷನ್‌ಗೆ ಮೀಸಲಿಟ್ಟ ಜಾಗವನ್ನು ಕಡಿಮೆ ಮಾಡಿದರೂ ಹಳೆಯ ಪಾಯಿಂಟುಗಳು ಹೋಗುತ್ತವೆ. ಡಿಸ್ಕ್ ಕ್ಲೀನಪ್‌ನಲ್ಲಿ ಷಾಡೋ ಕಾಪಿಗಳನ್ನು ಅಳಿಸುವ ಆಯ್ಕೆ ಕೊನೆಯ ಒಂದನ್ನು ಮಾತ್ರ ಬಿಡುತ್ತದೆ.

ಮತ್ತೆ ಮತ್ತೆ ಪ್ರಯತ್ನಿಸುವುದರಲ್ಲೂ ಒಂದು ಅಪಾಯವಿದೆ. ಮಾಮೂಲಿ ವಿಂಡೋಸ್‌ನಿಂದ ರಿಸ್ಟೋರ್ ಆರಂಭಿಸಿದಾಗ, ಬೇಕಾದರೆ ಹಿಂದಿರುಗಲೆಂದು, ಆಗಿನ ಸ್ಥಿತಿಯದೇ ಒಂದು ಪಾಯಿಂಟನ್ನು ಅದು ಮೊದಲು ಮಾಡಿಟ್ಟುಕೊಳ್ಳುತ್ತದೆ. ಜಾಗ ಕಡಿಮೆಯಿದ್ದರೆ ಹೊಸದಕ್ಕೆ ಎಡೆಮಾಡಲು ಹಳೆಯದು ಹೋಗುತ್ತದೆ. ಒಂದೇ ವಿಧಾನವನ್ನು ಹಟ ಹಿಡಿದು ಒತ್ತುತ್ತಾ ಹೋದರೆ ನಿಮಗೆ ಬೇಕಾದ ಪಾಯಿಂಟೇ ಪಟ್ಟಿಯಿಂದ ಮರೆಯಾಗಬಹುದು. ಒಮ್ಮೆ ಸೋತರೆ ವಿಧಾನ ಬದಲಿಸಿ.

ಪಾಯಿಂಟುಗಳು ಇವೆಯೇ?

ವಿಂಡೋಸ್ ಗುಂಡಿಯ ಜೊತೆ ಆರ್ ಒತ್ತಿ, ತೆರೆಯುವ ಚೌಕದಲ್ಲಿ ಆರ್, ಎಸ್, ಟಿ, ಆರ್, ಯು, ಐ ಎಂಬ ಆರು ಅಕ್ಷರಗಳನ್ನು ಒಟ್ಟಿಗೆ ಬರೆದು ಎಂಟರ್ ಮಾಡಿ. ರಿಸ್ಟೋರ್ ವಿಝಾರ್ಡ್ ನೇರವಾಗಿ ತೆರೆಯುತ್ತದೆ. ಇನ್ನೂ ಹೆಚ್ಚಿನ ಪಾಯಿಂಟುಗಳನ್ನು ತೋರಿಸು ಎಂಬ ಚೌಕಕ್ಕೆ ಟಿಕ್ ಹಾಕಿದರೆ ಪೂರ್ತಿ ಪಟ್ಟಿ ಕಾಣುತ್ತದೆ.

ಪಟ್ಟಿ ಖಾಲಿಯಿದ್ದರೆ ಕಾರಣ ಬೇರೆ ಬೇರೆ ಇರಬಹುದು. ಹಲವು ಕಂಪ್ಯೂಟರುಗಳಲ್ಲಿ ಸಿಸ್ಟಮ್ ಪ್ರೊಟೆಕ್ಷನ್ ಆರಂಭದಿಂದಲೇ ಆಫ್ ಆಗಿರುತ್ತದೆ. ವಿಂಡೋಸ್‌ನ ಹೊಸ ಆವೃತ್ತಿಗೆ ಏರಿದಾಗ ಹಳೆಯ ಪಾಯಿಂಟುಗಳು ಉಳಿಯುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ 2025ರ ಜೂನ್ ಅಪ್‌ಡೇಟ್‌ನ ನಂತರ ಪಾಯಿಂಟುಗಳ ಆಯುಸ್ಸು ಹೆಚ್ಚೆಂದರೆ 60 ದಿನ. ಕಚೇರಿಯ ಕಂಪ್ಯೂಟರಾದರೆ ಅಡ್ಮಿನ್‌ಗಳು ಗ್ರೂಪ್ ಪಾಲಿಸಿಯ ಮೂಲಕ ಇದನ್ನು ಮುಚ್ಚಿಟ್ಟಿರಬಹುದು. ಆಗ ಅವರನ್ನೇ ಕೇಳಬೇಕು. ಇನ್ನೂ ಒಂದು ಸಾಧ್ಯತೆ ಗಂಭೀರವಾದದ್ದು: ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್‌ಗಳು ಷಾಡೋ ಕಾಪಿಗಳನ್ನು ಮೊದಲೇ ಅಳಿಸಿಬಿಡುತ್ತವೆ. ನಿನ್ನೆಯವರೆಗೆ ಇದ್ದ ಪಾಯಿಂಟುಗಳು ಕಾರಣವಿಲ್ಲದೆ ಮಾಯವಾಗಿ, ಫೈಲುಗಳೂ ತೆರೆಯದಿದ್ದರೆ ಮೊದಲು ನೆಟ್ ಸಂಪರ್ಕ ಕಿತ್ತುಹಾಕಿ.

ಪಾಯಿಂಟ್ ಇದ್ದರೆ ಮುಂದಿನ ಹೆಜ್ಜೆಗೆ ಬನ್ನಿ.

ಹೊರಗಿನಿಂದ ರಿಸ್ಟೋರ್ ಮಾಡುವ ಬಗೆ

ವಿಂಡೋಸ್ ಓಡುತ್ತಿರುವಾಗ ಸಾವಿರಾರು ಫೈಲುಗಳು ಬಳಕೆಯಲ್ಲಿರುತ್ತವೆ. ಅವುಗಳ ಮೇಲೆ ಆಂಟಿವೈರಸ್ ಕಣ್ಣಿಟ್ಟಿರುತ್ತದೆ. ರಿಕವರಿ ಎನ್‌ವಿರಾನ್‌ಮೆಂಟ್, ಅಂದರೆ ರಿಕವರಿ ಪರಿಸರ, ಎಂಬುದು ವಿಂಡೋಸ್‌ನಿಂದ ಹೊರಗೆ, ಸಾಮಾನ್ಯವಾಗಿ ಡಿಸ್ಕ್‌ನ ಬೇರೆ ಭಾಗದಲ್ಲಿ (ಪಾರ್ಟಿಶನ್‌ನಲ್ಲಿ) ಇರುವ ಪುಟ್ಟ ವ್ಯವಸ್ಥೆ. ಅಲ್ಲಿಂದ ನೋಡಿದರೆ ನಿಮ್ಮ ವಿಂಡೋಸ್ ಬರೀ ಫೈಲುಗಳ ರಾಶಿ, ಯಾವುದಕ್ಕೂ ಅಡ್ಡಿಯಿಲ್ಲ.

ಹೊರಡುವ ಮುನ್ನ ಎರಡು ಸಿದ್ಧತೆ. ಡ್ರೈವ್‌ಗೆ ಬಿಟ್‌ಲಾಕರ್ ಗೂಢಲಿಪೀಕರಣ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಕೈಯಲ್ಲಿರಬೇಕು. ನಾನು ಆನ್ ಮಾಡಿಲ್ಲ ಎಂದು ಬಿಟ್ಟುಬಿಡಬೇಡಿ; ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಸಲ ಲಾಗಿನ್ ಆದಾಗ ಅದು ತಾನಾಗಿ ಆನ್ ಆಗುವುದುಂಟು. ಅಂಥ ಕೀ ಸಾಮಾನ್ಯವಾಗಿ ಅದೇ ಖಾತೆಯಲ್ಲಿ, ನಿಮ್ಮ ಸಾಧನಗಳ ಪುಟದಲ್ಲಿ ಇರುತ್ತದೆ. ಫೋನ್‌ನಿಂದ ತೆರೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಎರಡನೆಯದು, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಡಿ. ರಿಸ್ಟೋರ್ ಅರ್ಧದಲ್ಲಿರುವಾಗ ವಿದ್ಯುತ್ ಹೋದರೆ ವಿಂಡೋಸ್ ಏಳದೇ ಹೋಗಬಹುದು.

ಈಗ ಲಾಗಿನ್ ಪರದೆಯಲ್ಲೋ ಸ್ಟಾರ್ಟ್ ಮೆನುವಿನಲ್ಲೋ ಶಿಫ್ಟ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ರೀಸ್ಟಾರ್ಟ್ ಆರಿಸಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಅಡ್ವಾನ್ಸ್‌ಡ್ ಸ್ಟಾರ್ಟಪ್ ದಾರಿಯಲ್ಲೂ ಹೋಗಬಹುದು. ವಿಂಡೋಸ್ ಏಳುತ್ತಲೇ ಇಲ್ಲವಾದರೆ, ಲೋಗೋ ಕಂಡ ಕೂಡಲೇ ಪವರ್ ಗುಂಡಿಯನ್ನು ಒತ್ತಿ ಹಿಡಿದು ಕಂಪ್ಯೂಟರನ್ನು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಬೂಟ್ ತುಂಡಾದರೆ ಅದು ತಾನಾಗಿಯೇ ದುರಸ್ತಿ ಪರದೆಗೆ ಬರುತ್ತದೆ.

ನೀಲಿ ಪರದೆಯ ಮೇಲೆ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸಿಸ್ಟಮ್ ರಿಸ್ಟೋರ್ ಎಂದು ಒಂದೊಂದಾಗಿ ಆರಿಸಿ. ಖಾತೆ ಕೇಳಿದರೆ ಅಡ್ಮಿನಿಸ್ಟ್ರೇಟರ್ ಖಾತೆಯನ್ನು ಆರಿಸಿ ಅದರ ಪಾಸ್‌ವರ್ಡ್ ಕೊಡಿ. ದಿನವೂ ಹಾಕುವ ಪಿನ್ ಅಲ್ಲ. ಬಿಟ್‌ಲಾಕರ್ ಕೀ ಕೇಳಿದರೆ ಬರೆದಿಟ್ಟ 48 ಅಂಕಿಗಳನ್ನು ಹಾಕಿ. ನಂತರ ಬರುವುದು ನೀವು ಮೊದಲೇ ಕಂಡ ವಿಝಾರ್ಡ್. ತೊಂದರೆ ಶುರುವಾಗುವ ಮುಂಚಿನ, ಆದರೆ ಅದಕ್ಕೆ ಆದಷ್ಟು ಹತ್ತಿರದ ಪಾಯಿಂಟನ್ನು ಆರಿಸಿ. ಒಂದು ವಿಷಯ ಗೊತ್ತಿರಲಿ: ಇಲ್ಲಿಂದ ಮಾಡಿದ ರಿಸ್ಟೋರನ್ನು ಆಮೇಲೆ ರದ್ದು ಮಾಡಿ ಹಿಂದಿರುಗಲು ಆಗುವುದಿಲ್ಲ. ಅತ್ಯಗತ್ಯ ಡ್ರೈವರ್‌ಗಳಷ್ಟೇ ಓಡುವ ಸೇಫ್ ಮೋಡ್‌ನಿಂದ ಮಾಡಿದ್ದಕ್ಕೂ ಇದೇ ಮಾತು.

ರಿಜಿಸ್ಟ್ರಿಯನ್ನು ಮರಳಿಸಲಾಗುತ್ತಿದೆ ಎಂಬಲ್ಲಿ ಪರದೆ ನಿಂತೇಹೋದಂತೆ ಕಾಣುವುದು ಸಾಮಾನ್ಯ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಇನ್ನೂ ನಿಧಾನ. ಡಿಸ್ಕ್‌ನ ದೀಪ ಮಿನುಗುತ್ತಿರುವವರೆಗೂ ಬಿಟ್ಟುಬಿಡಿ. ಒಂದೂವರೆ, ಎರಡು ಗಂಟೆ ಕಳೆದರೂ ಯಾವ ಚಲನೆಯೂ ಇಲ್ಲದಿದ್ದರೆ ಮಾತ್ರ ಪವರ್ ಗುಂಡಿಗೆ ಕೈಹಾಕಿ, ಮತ್ತೆ ಇದೇ ಪರದೆಗೆ ಬಂದು ಬೇರೊಂದು ಪಾಯಿಂಟ್ ಆರಿಸಿ ನೋಡಿ.

ಅಲ್ಲಿನ ಕಮಾಂಡ್ ಪ್ರಾಂಪ್ಟ್‌ನಿಂದ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಿಂದ, ವಿಝಾರ್ಡ್ ತೆರೆದವರಿಗೆ ಯಾವ ವಿಂಡೋಸನ್ನು ರಿಸ್ಟೋರ್ ಮಾಡಬೇಕೆಂದು ಹೇಳಿ ಎಂಬ ತಕರಾರು ಬರುತ್ತದೆ. ಆಗ ಅದೇ ಆರು ಅಕ್ಷರಗಳ ಕೊನೆಗೆ ಡಾಟ್ ಇಎಕ್ಸ್‌ಇ, ಒಂದು ಖಾಲಿ ಜಾಗ, ಬಳಿಕ /ಆಫ್‌ಲೈನ್:ಸಿ:\ವಿಂಡೋಸ್=ಆಕ್ಟಿವ್ ಎಂದು ಸೇರಿಸಬೇಕು. ರಿಕವರಿ ಪರಿಸರದಲ್ಲಿ ಡ್ರೈವ್‌ನ ಅಕ್ಷರ ಬದಲಾಗಿರಬಹುದು. ನಿಮ್ಮ ಸಿ ಅಲ್ಲಿ ಡಿ ಆಗಿರುವುದು ಹೊಸದಲ್ಲ. ಡಿಐಆರ್ ಸಿ: ಎಂದು ಬರೆದು ವಿಂಡೋಸ್ ಮತ್ತು ಯೂಸರ್ಸ್ ಫೋಲ್ಡರುಗಳು ಕಾಣುತ್ತವೆಯೇ ನೋಡಿಕೊಳ್ಳಿ, ಕಾಣದಿದ್ದರೆ ಮುಂದಿನ ಅಕ್ಷರ.

ದೋಷದ ಸಂಖ್ಯೆ ಏನು ಹೇಳುತ್ತದೆ

ಹೊರಗಿನಿಂದಲೂ ಆಗಲಿಲ್ಲವೆಂದರೆ ಆ ಸಂಖ್ಯೆಯನ್ನು ಬರೆದುಕೊಳ್ಳಿ. 0ಎಕ್ಸ್8007 ಎಂದು ಶುರುವಾದರೆ ಅದು ವಿಂಡೋಸ್‌ನ ಸಾಮಾನ್ಯ ದೋಷ, ಉಳಿದ ಅಂಕಿಗಳಲ್ಲಿ ಕಾರಣ ಇರುತ್ತದೆ. 0ಎಕ್ಸ್80042 ಎಂದು ಶುರುವಾಗಿ ನಂತರ 3 ಬಂದರೆ ದೂರು ಷಾಡೋ ಕಾಪಿ ಸೇವೆಯದು. ಇಷ್ಟು ಬೇರ್ಪಡಿಸಿದರೂ ಅರ್ಧ ಹುಡುಕಾಟ ಮುಗಿದಂತೆ.

0ಎಕ್ಸ್80070005 ಎಂದರೆ ಅನುಮತಿ ನಿರಾಕರಣೆ. ಬಹುಪಾಲು ಸಂದರ್ಭದಲ್ಲಿ ಆಂಟಿವೈರಸ್ ತನ್ನ ಫೈಲನ್ನು ಬದಲಿಸಲು ಬಿಡುತ್ತಿಲ್ಲ. ಅದರ ಸೆಲ್ಫ್ ಪ್ರೊಟೆಕ್ಷನ್ ಆಯ್ಕೆಯನ್ನು ಆಫ್ ಮಾಡಿ, ಇಲ್ಲವೇ ಸೇಫ್ ಮೋಡ್‌ಗೆ ಹೋಗಿ ವಿಝಾರ್ಡ್ ತೆರೆಯಿರಿ. ಸೇಫ್ ಮೋಡ್‌ಗೆ ಅದೇ ನೀಲಿ ಪರದೆಯಲ್ಲಿ ಸ್ಟಾರ್ಟಪ್ ಸೆಟ್ಟಿಂಗ್ಸ್ ಆರಿಸಿ, ರೀಸ್ಟಾರ್ಟ್ ಆದ ಮೇಲೆ 4 ಒತ್ತಬೇಕು.

0ಎಕ್ಸ್80070091 ಎಂದರೆ ಖಾಲಿಯಿರಬೇಕಾದ ಫೋಲ್ಡರ್ ಖಾಲಿಯಿಲ್ಲ. ಬಹುತೇಕ ಈ ಗಲಾಟೆ ಪ್ರೋಗ್ರಾಮ್ ಫೈಲ್ಸ್ ಒಳಗಿನ ವಿಂಡೋಸ್‌ಆ್ಯಪ್ಸ್ ಎಂಬ ಅಡಗಿದ ಫೋಲ್ಡರಿನದು. ಸ್ಟೋರ್‌ನಿಂದ ಬಂದ ಆ್ಯಪ್‌ಗಳು ಇರುವುದು ಅಲ್ಲೇ. ರಿಕವರಿ ಪರಿಸರದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಅದರ ಹೆಸರನ್ನು ಬದಲಿಸಿ, ರಿಸ್ಟೋರ್ ಮಾಡಿದರೆ ದಾರಿ ತೆರೆಯುತ್ತದೆ. ರಿಸ್ಟೋರ್ ಮತ್ತೆ ಸೋತರೆ ಹಳೆಯ ಹೆಸರನ್ನು ಮರಳಿ ಇಡಲೇಬೇಕು, ಇಲ್ಲದಿದ್ದರೆ ಸ್ಟೋರ್ ಆ್ಯಪ್‌ಗಳು ತೆರೆಯುವುದಿಲ್ಲ. ಆಜ್ಞೆಗಳ ರೂಢಿ ಇಲ್ಲದವರು ಇದನ್ನು ಬಲ್ಲವರ ಜೊತೆ ಕುಳಿತು ಮಾಡುವುದು ಒಳ್ಳೆಯದು.

0ಎಕ್ಸ್80070422 ಬಂದರೆ ಯಾವುದೋ ಸೇವೆಯನ್ನು ನಿಲ್ಲಿಸಿಡಲಾಗಿದೆ. ಸರ್ವೀಸಸ್ ಕಿಟಕಿಯಲ್ಲಿ ವಾಲ್ಯೂಮ್ ಷಾಡೋ ಕಾಪಿ ಮತ್ತು ಮೈಕ್ರೋಸಾಫ್ಟ್ ಸಾಫ್ಟ್‌ವೇರ್ ಷಾಡೋ ಕಾಪಿ ಪ್ರೊವೈಡರ್ ಎರಡೂ ಮ್ಯಾನ್ಯುಯಲ್‌ನಲ್ಲಿರಬೇಕು, ಡಿಸೇಬಲ್ಡ್ ಆಗಿರಬಾರದು. ಟಾಸ್ಕ್ ಶೆಡ್ಯೂಲರ್ ಆಟೋಮ್ಯಾಟಿಕ್ ಆಗಿರಲಿ. ಕಂಪ್ಯೂಟರಿನ ವೇಗ ಹೆಚ್ಚಿಸುತ್ತೇವೆ ಎನ್ನುವ ಪ್ರೋಗ್ರಾಮ್‌ಗಳು ಇವನ್ನು ನಿಲ್ಲಿಸಿಬಿಡುವುದುಂಟು. ಅಂಥದ್ದಿದ್ದರೆ ತೆಗೆದುಹಾಕಿ.

0ಎಕ್ಸ್80070570 ಎಂದರೆ ಫೈಲೋ ಫೋಲ್ಡರೋ ಕೆಟ್ಟಿದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಡಿಸ್ಕ್‌ಗೇ ವಯಸ್ಸಾಗಿರಬಹುದು. ಬೇಕಾದ ಫೈಲುಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿಕೊಂಡ ನಂತರವೇ ಚೆಕ್‌ಡಿಸ್ಕ್ ಓಡಿಸಿ: ಸಿಎಚ್‌ಕೆಡಿಎಸ್‌ಕೆ ಸಿ: /ಎಫ್. ಸಾಯುತ್ತಿರುವ ಡಿಸ್ಕ್ ಮೇಲೆ ಮೊದಲೇ ಅದನ್ನು ಓಡಿಸಿದರೆ ಉಳಿದಿರುವುದನ್ನೂ ಕಳೆದುಕೊಳ್ಳಬಹುದು.

ಷಾಡೋ ಕಾಪಿ ದೋಷಗಳಿಗೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ವಿಎಸ್‌ಎಸ್‌ಅಡ್ಮಿನ್ ಲಿಸ್ಟ್ ರೈಟರ್ಸ್ ಎಂದು ಬರೆಯಿರಿ. ಪ್ರತಿ ಸಾಲಿನಲ್ಲೂ ಸ್ಥಿತಿ ಸ್ಟೇಬಲ್, ಕೊನೆಯ ದೋಷ ನೋ ಎರರ್ ಎಂದಿರಬೇಕು. ಯಾವುದಾದರೂ ಫೇಲ್ಡ್ ಎಂದಿದ್ದರೆ ಒಂದು ರೀಸ್ಟಾರ್ಟ್ ಬಹಳ ಸಲ ಸಾಕಾಗುತ್ತದೆ. ಸಾಕಾಗದಿದ್ದರೆ ವಿಂಡೋಸ್ ಫೈಲುಗಳ ದುರಸ್ತಿ ಮಾಡಿ: ಮೊದಲು ಡಿಐಎಸ್‌ಎಮ್ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್, ಅದು ಮುಗಿದ ಮೇಲೆ ಎಸ್‌ಎಫ್‌ಸಿ /ಸ್ಕ್ಯಾನ್‌ನೌ. ಈ ಕ್ರಮ ಮುಖ್ಯ. ಮೊದಲನೆಯದು ಮೂಲ ಪ್ರತಿಗಳನ್ನು ಸರಿಪಡಿಸುತ್ತದೆ, ಎರಡನೆಯದು ಆ ಪ್ರತಿಗಳಿಂದ ಕೆಟ್ಟ ಫೈಲುಗಳನ್ನು ಬದಲಿಸುತ್ತದೆ.

ರಿಸ್ಟೋರ್ ಆದ ಮೇಲೆ ವಿಂಡೋಸೇ ಏಳದಿದ್ದರೆ

ಎಲ್ಲಕ್ಕಿಂತ ಹೆಚ್ಚು ಹೆದರಿಸುವುದು ಇದು. ಡೆಸ್ಕ್‌ಟಾಪ್‌ನಿಂದ ರಿಸ್ಟೋರ್ ಆರಂಭಿಸಿದ್ದೀರಿ, ರೀಸ್ಟಾರ್ಟ್ ಆಗುತ್ತಲೇ 0ಎಕ್ಸ್‌ಸಿ000021ಎ ಎಂಬ ಸ್ಟಾಪ್ ಎರರ್. ಮತ್ತೆ ಆನ್ ಮಾಡಿದರೂ ಅದೇ. ವಿಂಡೋಸ್ 10ರಲ್ಲಿ ಅಪ್‌ಡೇಟ್ ಹಾಕಿದ ಮೇಲೆ ಅದಕ್ಕೆ ಮುಂಚಿನ ಪಾಯಿಂಟಿಗೆ ಹೋಗಲು ನೋಡಿದಾಗ ಹೀಗಾಗುವುದನ್ನು ಮೈಕ್ರೋಸಾಫ್ಟೇ ದಾಖಲಿಸಿದೆ.

ಕಾರಣ ತಿಳಿದರೆ ಭಯ ಕಡಿಮೆಯಾಗುತ್ತದೆ. ಡ್ರೈವರ್‌ಗಳ ಸಹಿಯನ್ನು ತಾಳೆ ನೋಡುವ ಕೆಟಲಾಗ್ ಫೈಲುಗಳನ್ನು ರಿಸ್ಟೋರ್ ಮೊದಲೇ ಹಳೆಯದಕ್ಕೆ ಬದಲಿಸುತ್ತದೆ. ಬಳಕೆಯಲ್ಲಿರುವ ಡ್ರೈವರ್‌ಗಳನ್ನು ಆಗಲೇ ಬದಲಿಸಲಾಗದು, ಹಾಗಾಗಿ ರೀಸ್ಟಾರ್ಟ್ ಆದಾಗ ಬದಲಿಸಲೆಂದು ಬದಿಗಿಡುತ್ತದೆ. ಆದರೆ ರೀಸ್ಟಾರ್ಟ್‌ನಲ್ಲಿ ಆ ಬದಲಾವಣೆಗೆ ಮುಂಚೆಯೇ ಈಗಿನ ಡ್ರೈವರ್ ಲೋಡ್ ಆಗುತ್ತದೆ. ಡ್ರೈವರ್ ಒಂದು ಆವೃತ್ತಿಯದು, ಸಹಿಯ ಪಟ್ಟಿ ಇನ್ನೊಂದರದು. ತಾಳೆಯಾಗದೆ ವಿಂಡೋಸ್ ನಿಂತುಬಿಡುತ್ತದೆ.

ಬಿಡಿಸುವ ದಾರಿ ಸರಳ. ನೀಲಿ ಪರದೆಗೆ ಹೋಗಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಎಂದು ಒತ್ತಿ. ಬರುವ ಪಟ್ಟಿಯಲ್ಲಿ ಡ್ರೈವರ್ ಸಹಿ ಪರೀಕ್ಷೆಯನ್ನು ಕೈಬಿಡುವ 7ನೇ ಆಯ್ಕೆ ಇದೆ, ಎಫ್7 ಒತ್ತಿ. ಆ ಒಂದು ಸಲಕ್ಕೆ ತಾಳೆ ನೋಡದೆ ವಿಂಡೋಸ್ ಮುಂದುವರಿಯುತ್ತದೆ, ಅರ್ಧಕ್ಕೆ ನಿಂತಿದ್ದ ರಿಸ್ಟೋರ್ ಪೂರ್ತಿಯಾಗುತ್ತದೆ. ಮುಂದಿನ ಬೂಟ್‌ನಲ್ಲಿ ಪರೀಕ್ಷೆ ತಾನಾಗಿ ಮರಳಿ ಜಾರಿಯಾಗುತ್ತದೆ. ರಿಕವರಿ ಪರಿಸರದಿಂದಲೇ ರಿಸ್ಟೋರ್ ಆರಂಭಿಸಿದ್ದರೆ ಈ ಪೇಚಿಗೆ ಸಿಕ್ಕಿಕೊಳ್ಳುವ ಪ್ರಮೇಯವಿರಲಿಲ್ಲ. ಅಪ್‌ಡೇಟ್‌ನ ನಂತರದ ತೊಂದರೆಗೆ ಡೆಸ್ಕ್‌ಟಾಪ್‌ನಿಂದ ರಿಸ್ಟೋರ್ ಮಾಡಲೇಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಏಳದ ಕಂಪ್ಯೂಟರಿಗೆ ಇನ್ನೊಂದು ಹಳೆಯ ಉಪಾಯ ಇನ್ನೂ ಚಲಾವಣೆಯಲ್ಲಿದೆ: ರೆಗ್‌ಬ್ಯಾಕ್ ಫೋಲ್ಡರಿನಿಂದ ರಿಜಿಸ್ಟ್ರಿ ಫೈಲುಗಳನ್ನು ನಕಲು ಮಾಡುವುದು. ವಿಂಡೋಸ್ 10ರ 1803 ಆವೃತ್ತಿಯಿಂದ ಈಚೆಗೆ ವಿಂಡೋಸ್ ಅಲ್ಲಿಗೆ ರಿಜಿಸ್ಟ್ರಿಯ ಪ್ರತಿಯನ್ನು ತಾನಾಗಿ ಇಡುವುದಿಲ್ಲ. ಫೈಲುಗಳ ಹೆಸರು ಕಾಣುತ್ತದೆ, ಗಾತ್ರ ಸೊನ್ನೆ. ಆ ಸೊನ್ನೆಯನ್ನು ನಿಜವಾದ ರಿಜಿಸ್ಟ್ರಿಯ ಮೇಲೆ ಹಾಕಿದರೆ ಇದ್ದದ್ದೂ ಹೋಯಿತು.

ರಿಕವರಿ ಪರದೆಯೇ ಬಾರದಿದ್ದರೆ

ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ರೀಏಜೆಂಟ್‌ಸಿ /ಇನ್ಫೋ ಎಂದು ಬರೆಯಿರಿ. ಮೊದಲ ಪದದಲ್ಲಿ ಆರ್, ಇ, ಅವುಗಳ ಬೆನ್ನಿಗೆ ಇಂಗ್ಲಿಷಿನ ಏಜೆಂಟ್ ಪದ, ಕೊನೆಗೆ ಸಿ ಹೀಗೆ ಒಟ್ಟು ಎಂಟು ಅಕ್ಷರಗಳು ನಡುವೆ ಜಾಗವಿಲ್ಲದೆ ಇರಬೇಕು. ಸ್ಥಿತಿ ಡಿಸೇಬಲ್ಡ್ ಎಂದಿದ್ದರೆ ಅದೇ ಆಜ್ಞೆಯನ್ನು /ಎನೇಬಲ್ ಜೊತೆ ಕೊಡಿ. ಅದಕ್ಕೂ ಬಗ್ಗದಿದ್ದರೆ ರಿಕವರಿ ಪಾರ್ಟಿಶನ್ ಅಳಿಸಿಹೋಗಿರಬಹುದು ಅಥವಾ ತೀರಾ ಚಿಕ್ಕದಿರಬಹುದು. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಕೆಬಿ5034441 ಅಪ್‌ಡೇಟ್ ಎಷ್ಟೋ ಕಂಪ್ಯೂಟರುಗಳಲ್ಲಿ 0ಎಕ್ಸ್80070643 ಎಂದು ನಿಂತದ್ದು ಇದೇ ಕಾರಣಕ್ಕೆ: ಆ ಪಾರ್ಟಿಶನ್‌ನಲ್ಲಿ ಅದಕ್ಕೆ 250 ಎಂಬಿ ಖಾಲಿ ಜಾಗ ಬೇಕಿತ್ತು.

ಪರದೆ ಬಂದರೂ ಮೌಸ್, ಕೀಬೋರ್ಡ್ ಅಲುಗದಿದ್ದರೆ ನಿಮ್ಮ ತಪ್ಪಲ್ಲದಿರಬಹುದು. 2025ರ ಅಕ್ಟೋಬರ್‌ನ ಕೆಬಿ5066835 ಅಪ್‌ಡೇಟ್ ವಿಂಡೋಸ್ 11ರಲ್ಲಿ ರಿಕವರಿ ಪರಿಸರದೊಳಗೆ ಯುಎಸ್‌ಬಿ ಕೀಬೋರ್ಡ್ ಮತ್ತು ಮೌಸ್‌ಗಳು ಕೆಲಸ ಮಾಡದಂತೆ ಮಾಡಿತ್ತು. ಅದೇ ತಿಂಗಳು ಕೆಬಿ5070773 ಮೂಲಕ ಅದನ್ನು ಸರಿಪಡಿಸಲಾಯಿತು. ಎರಡರ ನಡುವೆ ಸಿಕ್ಕಿಕೊಂಡ ಕಂಪ್ಯೂಟರಿದ್ದರೆ ಟಚ್ ಪರದೆಯೋ ಹಳೆಯ ಪಿಎಸ್2 ಕೀಬೋರ್ಡೋ ಕೆಲಸ ಮಾಡುತ್ತದೆ. ಬೇರೊಂದು ಕಂಪ್ಯೂಟರಿನಲ್ಲಿ ಮಾಡಿದ ವಿಂಡೋಸ್ ಇನ್‌ಸ್ಟಾಲ್ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ, ಕಂಪ್ಯೂಟರ್ ದುರಸ್ತಿ ಎಂಬ ಆಯ್ಕೆಯಿಂದ ಒಳಹೊಕ್ಕರೆ ಇಂಥ ಎಲ್ಲ ಸಂದರ್ಭಗಳಲ್ಲೂ ಅದೇ ಸಿಸ್ಟಮ್ ರಿಸ್ಟೋರ್ ಸಿಗುತ್ತದೆ.

ಯಾವ ಪಾಯಿಂಟೂ ಕೆಲಸಕ್ಕೆ ಬಾರದಿದ್ದರೆ

ಆಗ ರಿಸ್ಟೋರ್ ಬಿಟ್ಟು ತೊಂದರೆಯ ಮೂಲಕ್ಕೇ ಹೋಗಿ. ಅಪ್‌ಡೇಟ್ ಕಾರಣವಾದರೆ ರಿಕವರಿ ಪರಿಸರದ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಆಯ್ಕೆಯಿಂದ ಅದೊಂದನ್ನೇ ತೆಗೆಯಬಹುದು. ಡ್ರೈವರ್ ಕಾರಣವಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ರೋಲ್‌ಬ್ಯಾಕ್ ಇದೆ. ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ರಿಕವರಿ ಪುಟದಲ್ಲೇ ವಿಂಡೋಸ್ ಅಪ್‌ಡೇಟ್ ಬಳಸಿ ತೊಂದರೆ ಸರಿಪಡಿಸು ಎಂಬ ಆಯ್ಕೆ ಇದೆ. ಅದು ಆ್ಯಪ್, ಫೈಲು, ಸೆಟ್ಟಿಂಗುಗಳನ್ನು ಉಳಿಸಿಕೊಂಡೇ ಅದೇ ಆವೃತ್ತಿಯನ್ನು ಮತ್ತೆ ಹಾಕುತ್ತದೆ. ರೀಸೆಟ್ ಅನ್ನು ಕೊನೆಗೆ ಇಟ್ಟುಕೊಳ್ಳಿ. ಫೈಲುಗಳನ್ನು ಉಳಿಸು ಎಂದು ಆರಿಸಿದರೂ ಅದು ಪ್ರೋಗ್ರಾಮ್‌ಗಳನ್ನು ತೆಗೆದುಹಾಕುತ್ತದೆ. ಕ್ಲೌಡ್ ಡೌನ್‌ಲೋಡ್ ಆರಿಸಿದರೆ 4 ಜಿಬಿಗಿಂತ ಹೆಚ್ಚು ಡೇಟಾ ಬೇಕಾಗಬಹುದು.

ಎಲ್ಲ ಸರಿಹೋದ ದಿನ

ಕಂಪ್ಯೂಟರ್ ಮತ್ತೆ ನಿಮ್ಮ ಕೈಗೆ ಬಂದ ಮೇಲೆ ಸಿಸ್ಟಮ್ ಪ್ರೊಟೆಕ್ಷನ್ ಕಿಟಕಿ ತೆರೆದು ಸಿ ಡ್ರೈವ್‌ಗೆ ಆನ್ ಇದೆಯೇ ನೋಡಿ, ಪಕ್ಕದ ಕಾನ್ಫಿಗರ್ ಗುಂಡಿಯಲ್ಲಿ ಜಾಗವನ್ನು ಧಾರಾಳವಾಗಿ ಕೊಡಿ. ಹೊಸ ಡ್ರೈವರ್ ಅಥವಾ ದೊಡ್ಡ ಪ್ರೋಗ್ರಾಮ್ ಹಾಕುವ ಮುನ್ನ ಕ್ರಿಯೇಟ್ ಒತ್ತಿ ನೀವೇ ಒಂದು ಪಾಯಿಂಟ್ ಮಾಡಿ, ಏತಕ್ಕೆ ಮಾಡಿದ್ದೆಂದು ಹೆಸರಿನಲ್ಲೇ ಬರೆಯಿರಿ. ಪ್ರೋಗ್ರಾಮ್‌ಗಳೇ ಪಾಯಿಂಟ್ ಮಾಡುತ್ತವೆಂದು ನೆಚ್ಚಬೇಡಿ: ವಿಂಡೋಸ್ 8ರಿಂದ ಈಚೆಗೆ, ಕಳೆದ 24 ಗಂಟೆಗಳಲ್ಲಿ ಒಂದು ಪಾಯಿಂಟ್ ಆಗಿದ್ದರೆ ಪ್ರೋಗ್ರಾಮ್‌ಗಳು ಕೇಳುವ ಇನ್ನೊಂದನ್ನು ವಿಂಡೋಸ್ ಮಾಡದೆ ಬಿಡುತ್ತದೆ. ಪಾಯಿಂಟ್ ಮಾಡಿದ ಮೇಲೆ ವಿಝಾರ್ಡ್ ತೆರೆದು ಆ ಹೆಸರು ಪಟ್ಟಿಯಲ್ಲಿ ಕಂಡಿತೇ ಎಂದು ನೋಡಿ, ಆಮೇಲೆ ಡ್ರೈವರ್ ಹಾಕಿ.